ದೇಹದೊಳಗಿನ ನಿಸ್ತಂತು ವೈದ್ಯಕೀಯ ಸಾಧನಗಳ ಭದ್ರತೆ ಮತ್ತು ಖಾಸಗಿತನ

ದೇಹದೊಳಗಿನ ನಿಸ್ತಂತು ವೈದ್ಯಕೀಯ ಸಾಧನಗಳ ಭದ್ರತೆ ಮತ್ತು ಖಾಸಗಿತನ ಎಂಬುದು ಗಣಕ ವಿಜ್ಞಾನ, ವೈದ್ಯಕೀಯ ಮತ್ತು ಕಾನೂನು ಕ್ಷೇತ್ರಗಳು ಕೂಡುವ ಒಂದು ಅಧ್ಯಯನ ವಿಷಯವಾಗಿದೆ. ಶಸ್ತ್ರಚಿಕಿತ್ಸೆಯ ಮೂಲಕ ರೋಗಿಯ ದೇಹದಲ್ಲಿ ಅಳವಡಿಸಲಾಗುವ ಪೇಸ್‌ಮೇಕರ್, ಡಿಫಿಬ್ರಿಲೇಟರ್, ನರ ಪ್ರಚೋದಕ ಮುಂತಾದ ಸಾಧನಗಳು ರೇಡಿಯೋ ತರಂಗಗಳ ಮೂಲಕ ಹೊರಗಿನ ಯಂತ್ರಗಳೊಡನೆ ಸಂಪರ್ಕ ಹೊಂದಿರುತ್ತವೆ. ಈ ಸಂಪರ್ಕವನ್ನು ಬಳಸಿಕೊಂಡು ಅನಧಿಕೃತ ವ್ಯಕ್ತಿಗಳು ಸಾಧನವನ್ನು ನಿಯಂತ್ರಿಸದಂತೆ ತಡೆಯುವುದು ಭದ್ರತೆಯ ಪ್ರಶ್ನೆ. ಸಾಧನವು ಸಂಗ್ರಹಿಸಿದ ಮಾಹಿತಿ ಯಾರ ಕೈ ಸೇರಬಹುದು ಎಂಬುದು ಖಾಸಗಿತನದ ಪ್ರಶ್ನೆ. ದೇಹದ ಹೊರಗೆ ಧರಿಸುವ ಇನ್ಸುಲಿನ್ ಪಂಪ್‌ಗಳು ಒಳಗೆ ಅಳವಡಿಸಿದವಲ್ಲ; ಆದರೂ ಅವುಗಳ ಸಮಸ್ಯೆಗಳು ಇದೇ ಬಗೆಯವಾದ್ದರಿಂದ ಸಾಮಾನ್ಯವಾಗಿ ಇವುಗಳೊಡನೆಯೇ ಚರ್ಚಿಸಲ್ಪಡುತ್ತವೆ.

ಬ್ಯಾಂಕ್ ಖಾತೆಯ ಅಥವಾ ಮೊಬೈಲ್ ಫೋನಿನ ಭದ್ರತೆಗಿಂತ ಈ ಸಾಧನಗಳ ಭದ್ರತೆ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿದೆ. ಪಾಸ್‌ವರ್ಡ್ ಮರೆತ ಗ್ರಾಹಕನನ್ನು ಬ್ಯಾಂಕ್ ಒಂದು ದಿನ ಹೊರಗೆ ನಿಲ್ಲಿಸಿದರೆ ಅನಾನುಕೂಲವಾಗುತ್ತದೆ, ಅಷ್ಟೆ. ಪ್ರಜ್ಞೆ ತಪ್ಪಿದ ಹೃದ್ರೋಗಿಯ ಸಾಧನವು ತುರ್ತು ಚಿಕಿತ್ಸಾ ಘಟಕದ ವೈದ್ಯರನ್ನು ಹೊರಗೆ ನಿಲ್ಲಿಸಿದರೆ ರೋಗಿ ಸಾಯಬಹುದು. ಈ ಕ್ಷೇತ್ರದ ಹೆಚ್ಚಿನ ಸಂಶೋಧನೆಯು ಈ ಇಕ್ಕಟ್ಟಿನ ಸುತ್ತಲೇ ನಡೆದಿದೆ.

ಹಿನ್ನೆಲೆ

ಮಾನವ ದೇಹದೊಳಗೆ ಪೂರ್ಣವಾಗಿ ಅಳವಡಿಸಿದ ಮೊದಲ ಪೇಸ್‌ಮೇಕರ್ 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಬಳಕೆಗೆ ಬಂದಿತು. ಅದನ್ನು ರೂನ್ ಎಲ್ಮ್‌ಕ್ವಿಸ್ಟ್ ವಿನ್ಯಾಸಗೊಳಿಸಿದ್ದರು. ಶಸ್ತ್ರಚಿಕಿತ್ಸೆ ನಡೆಸಿದವರು ಓಕೆ ಸೆನಿಂಗ್. ಆ ಸಾಧನ ಕೆಲವೇ ಗಂಟೆಗಳ ಕಾಲ ಕೆಲಸ ಮಾಡಿತು. ಆದರೆ ರೋಗಿ ಆರ್ನೆ ಲಾರ್ಸನ್ ಅನಂತರ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳ ನೆರವಿನಿಂದ 2001ರವರೆಗೆ ಬದುಕಿದರು. ಹೃದಯ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಿದಾಗ ವಿದ್ಯುತ್ ಆಘಾತ ನೀಡಿ ಸರಿಪಡಿಸುವ ಡಿಫಿಬ್ರಿಲೇಟರನ್ನು ಮೈಕೆಲ್ ಮಿರೋವ್ಸ್ಕಿ ಮತ್ತು ಸಂಗಡಿಗರು ರೂಪಿಸಿದರು. ಅದನ್ನು 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು.

ಕೆಲವು ಆರಂಭಿಕ ಪೇಸ್‌ಮೇಕರ್‌ಗಳಲ್ಲಿ ಬಡಿತದ ದರವನ್ನು ಬದಲಿಸಲು ಚರ್ಮದ ಮೂಲಕ ಸೂಜಿ ತೂರಿಸಬೇಕಾಗಿತ್ತು. ನಿಸ್ತಂತು ಸಂಪರ್ಕ ಈ ನೋವನ್ನು ನಿವಾರಿಸಿತು. ಮುಂದೆ ಮನೆಯಲ್ಲಿ ಹಾಸಿಗೆಯ ಪಕ್ಕ ಇಡುವ ಸಣ್ಣ ಪೆಟ್ಟಿಗೆಯೊಂದು ರಾತ್ರಿ ವೇಳೆ ಸಾಧನದಿಂದ ಮಾಹಿತಿ ಪಡೆದು ದೂರವಾಣಿ ಅಥವಾ ಅಂತರಜಾಲದ ಮೂಲಕ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಬಂದಿತು. ಬ್ಯಾಟರಿ ಕ್ಷೀಣಿಸುತ್ತಿರುವುದು, ತಂತಿ ತುಂಡಾಗಿರುವುದು, ರೋಗಿಗೆ ಅರಿವಿಲ್ಲದೆಯೇ ಬಡಿತ ತಾಳ ತಪ್ಪಿರುವುದು ಇವೆಲ್ಲ ವೈದ್ಯರಿಗೆ ಮುಂಚಿತವಾಗಿ ತಿಳಿಯತೊಡಗಿದವು. ಭದ್ರತೆಯ ಚರ್ಚೆಯಲ್ಲಿ ನಿಸ್ತಂತು ಸಂಪರ್ಕವನ್ನು ಅಪಾಯವೆಂದಷ್ಟೇ ಕಾಣುವವರು ಈ ಭಾಗವನ್ನು ಮರೆಯುವುದುಂಟು.

ಸಂಪರ್ಕದ ರೀತಿ

ಸಾಧನದ ಜೊತೆ ಸಂಪರ್ಕಿಸುವ ಯಂತ್ರಗಳಲ್ಲಿ ಎರಡು ಮುಖ್ಯ. ಆಸ್ಪತ್ರೆಯಲ್ಲಿರುವ ಪ್ರೋಗ್ರಾಮರ್ ಎಂಬ ಯಂತ್ರವು ಸಾಧನದ ಚಿಕಿತ್ಸಾ ಕ್ರಮವನ್ನು ಓದಬಲ್ಲದು, ಬದಲಿಸಲೂ ಬಲ್ಲದು. ಮನೆಯ ನಿಗಾ ಪೆಟ್ಟಿಗೆಯ ಕೆಲಸ ಸಾಮಾನ್ಯವಾಗಿ ಓದುವುದಕ್ಕೆ ಸೀಮಿತ. ಹಳೆಯ ಸಾಧನಗಳ ಜೊತೆ ಸಂಪರ್ಕಿಸಲು ಪ್ರೋಗ್ರಾಮರಿನ ತುದಿಯನ್ನು ರೋಗಿಯ ಎದೆಯ ಮೇಲೆಯೇ ಇರಿಸಬೇಕಾಗಿತ್ತು. 1999ರಲ್ಲಿ ಅಮೆರಿಕದ ಸಂವಹನ ಆಯೋಗವು 402ರಿಂದ 405 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಈ ಸಾಧನಗಳಿಗಾಗಿ ಮೀಸಲಿಟ್ಟಿತು. ಆ ಬಳಿಕ ಕೆಲವು ಮೀಟರ್ ದೂರದಿಂದಲೂ ಸಂಪರ್ಕ ಸಾಧ್ಯವಾಯಿತು. ಇಲ್ಲಿ ಅನುಮತಿಸಿದ ಪ್ರಸಾರ ಸಾಮರ್ಥ್ಯ ಗರಿಷ್ಠ 25 ಮೈಕ್ರೋವ್ಯಾಟ್ ಮಾತ್ರ. ಆದರೆ ಕಾನೂನು ಮೀರಲು ಸಿದ್ಧನಾದವನಿಗೆ ಈ ಮಿತಿ ಅನ್ವಯಿಸುವುದಿಲ್ಲ. ಹೆಚ್ಚು ಶಕ್ತಿಯ ಪ್ರಸಾರಕವನ್ನು ಬಳಸಿ ಅವನು ಇನ್ನೂ ದೂರದಿಂದ ಸಾಧನವನ್ನು ತಲುಪಬಲ್ಲ.

ಪೇಸ್‌ಮೇಕರಿನ ಬ್ಯಾಟರಿಯನ್ನು ಚಾರ್ಜ್ ಮಾಡಲಾಗುವುದಿಲ್ಲ. ಅದು ಹಲವು ವರ್ಷ ಬಾಳಬೇಕು, ಮುಗಿದಾಗ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ಸಾಧನವನ್ನೇ ಬದಲಿಸಬೇಕು. ಹೀಗಾಗಿ ಗೂಢಲಿಪೀಕರಣಕ್ಕೆ ಬೇಕಾದ ಪ್ರತಿಯೊಂದು ಲೆಕ್ಕಾಚಾರವೂ, ಪ್ರತಿಯೊಂದು ರೇಡಿಯೋ ಉತ್ತರವೂ ರೋಗಿಯ ಬ್ಯಾಟರಿಯ ಆಯುಸ್ಸಿನಿಂದಲೇ ಖರ್ಚಾಗುತ್ತದೆ. ಸಾಧನದ ರಹಸ್ಯಗಳನ್ನು ಭೇದಿಸಲಾಗದ ದಾಳಿಕಾರನೂ ಅದನ್ನು ಮತ್ತೆಮತ್ತೆ ಎಚ್ಚರಿಸಿ ಉತ್ತರ ಕೊಡುವಂತೆ ಮಾಡಿ ಬ್ಯಾಟರಿಯನ್ನು ಬರಿದಾಗಿಸಬಹುದು.

2008ರ ಪ್ರಯೋಗ

ಈ ಕ್ಷೇತ್ರಕ್ಕೆ ತಳಹದಿ ಹಾಕಿದ್ದು 2008ರಲ್ಲಿ ಪ್ರಕಟವಾದ ಒಂದು ಪ್ರಬಂಧ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕೆವಿನ್ ಫು, ವಾಷಿಂಗ್ಟನ್ ವಿಶ್ವವಿದ್ಯಾಲಯದ ತದಯೋಶಿ ಕೊಹ್ನೊ, ಬಾಸ್ಟನ್ನಿನ ಹೃದ್ರೋಗ ತಜ್ಞ ವಿಲಿಯಂ ಮೈಸೆಲ್ ಇವರ ಮುಂದಾಳುತನದ ತಂಡವು ಮೆಡ್‌ಟ್ರಾನಿಕ್ ಕಂಪನಿಯ ಒಂದು ಡಿಫಿಬ್ರಿಲೇಟರನ್ನು ಪರೀಕ್ಷಿಸಿತು. ಅದು 175 ಕಿಲೋಹರ್ಟ್ಸ್ ತರಂಗದಲ್ಲಿ ಸಂಪರ್ಕಿಸುತ್ತಿದ್ದ ಮಾದರಿ. ಯಾರು ಬೇಕಾದರೂ ಕೊಳ್ಳಬಹುದಾದ ಸಾಫ್ಟ್‌ವೇರ್ ರೇಡಿಯೋ ಉಪಕರಣವನ್ನು ಬಳಸಿ ತಂಡವು ಸಾಧನದ ಸಂಕೇತಗಳನ್ನು ಅರ್ಥ ಮಾಡಿಕೊಂಡಿತು. ರೋಗಿಯ ಹೆಸರು, ಜನ್ಮದಿನಾಂಕ, ರೋಗದ ವಿವರ ಮುಂತಾದವು ಯಾವ ಗೂಢಲಿಪಿಯೂ ಇಲ್ಲದೆ ಗಾಳಿಯಲ್ಲಿ ಹರಿಯುತ್ತಿದ್ದವು. ಚಿಕಿತ್ಸೆಯನ್ನು ಸ್ಥಗಿತಗೊಳಿಸಲು ಸಾಧ್ಯವಾಯಿತು. ಆಸ್ಪತ್ರೆಯಲ್ಲಿ ಸಾಧನವನ್ನು ಪರೀಕ್ಷಿಸಲೆಂದು ಇರುವ ಆದೇಶವನ್ನೇ ಮರುಪ್ರಸಾರ ಮಾಡಿ, ಹೃದಯದ ಬಡಿತವನ್ನು ತಾಳ ತಪ್ಪಿಸಬಲ್ಲ ವಿದ್ಯುತ್ ಆಘಾತವನ್ನು ಹೊಮ್ಮಿಸಲೂ ಸಾಧ್ಯವಾಯಿತು.

ಪ್ರಯೋಗದ ಮಿತಿಗಳೂ ಸ್ಪಷ್ಟವಾಗಿದ್ದವು. ದಾಳಿಗಳನ್ನು ಕೆಲವೇ ಸೆಂಟಿಮೀಟರ್ ಅಂತರದಿಂದ ನಡೆಸಲಾಗಿತ್ತು, ಸಾಧನ ಯಾವ ರೋಗಿಯ ದೇಹದಲ್ಲೂ ಇರಲಿಲ್ಲ. ದಾಳಿಯನ್ನು ಪುನರಾವರ್ತಿಸಲು ಬೇಕಾದ ವಿವರಗಳನ್ನು ಲೇಖಕರು ಉದ್ದೇಶಪೂರ್ವಕವಾಗಿ ಕೈಬಿಟ್ಟರು. ರೋಗಿಗಳಿಗೆ ಈ ಸಾಧನಗಳಿಂದಾಗುವ ಉಪಕಾರ ಅಪಾಯಕ್ಕಿಂತ ಬಹಳ ದೊಡ್ಡದು ಎಂದೂ ಒತ್ತಿಹೇಳಿದರು. ಇದೇ ಪ್ರಬಂಧದಲ್ಲಿ ಸಾಧನದ ಬ್ಯಾಟರಿಯನ್ನು ಮುಟ್ಟದೆ, ಹೊರಗಿನ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಕೆಲಸ ಮಾಡುವ ರಕ್ಷಣಾ ಮಂಡಲದ ಮಾದರಿಯೊಂದನ್ನು ವಿವರಿಸಲಾಗಿತ್ತು. ಯಾರಾದರೂ ಸಾಧನವನ್ನು ಸಂಪರ್ಕಿಸಲು ಯತ್ನಿಸಿದರೆ ಅದು ರೋಗಿಗೆ ಕೇಳಿಸುವಂತೆ ಸದ್ದು ಮಾಡುತ್ತಿತ್ತು. ಮಾನವ ದೇಹದ ಬದಲಿಗೆ ಅದನ್ನು ಹಂದಿಮಾಂಸ ಮತ್ತು ದನದ ಕೊಚ್ಚಿದ ಮಾಂಸ ತುಂಬಿದ ಚೀಲದಲ್ಲಿಟ್ಟು ಪರೀಕ್ಷಿಸಲಾಯಿತು.

ತುರ್ತು ಪ್ರವೇಶದ ಸಮಸ್ಯೆ

ಸಾಧನಕ್ಕೆ ಪಾಸ್‌ವರ್ಡ್ ಇಡುವುದು ಮೇಲ್ನೋಟಕ್ಕೆ ಸುಲಭದ ಪರಿಹಾರ. ಆದರೆ ಮೈಸೂರಿನ ರೋಗಿ ದೆಹಲಿಯಲ್ಲೋ ದುಬೈಯಲ್ಲೋ ಕುಸಿದು ಬಿದ್ದರೆ ಅಲ್ಲಿನ ವೈದ್ಯರಿಗೆ ಆ ಪಾಸ್‌ವರ್ಡ್ ಯಾರು ಹೇಳಬೇಕು? ಒಂದು ಮಾದರಿಯ ಎಲ್ಲ ಸಾಧನಗಳಿಗೂ ಒಂದೇ ಕೀಲಿ ಇಟ್ಟರೆ, ಒಂದು ಪ್ರೋಗ್ರಾಮರ್ ಕಳುವಾದರೂ ಎಲ್ಲ ರೋಗಿಗಳ ಬಾಗಿಲು ತೆರೆದಂತೆ. ಕೀಲಿಗಳನ್ನು ಅಂತರಜಾಲದ ಕೇಂದ್ರವೊಂದರಲ್ಲಿ ಇರಿಸಿದರೆ, ಸಂಪರ್ಕ ಕಡಿದ ಗಳಿಗೆಯಲ್ಲಿ ಚಿಕಿತ್ಸೆ ನಿಲ್ಲುತ್ತದೆ.

ಯಾವ ಗುರುತನ್ನೂ ಕೇಳದ ಒಂದು ತುರ್ತು ಪ್ರವೇಶ ಬಹು ಹಿಂದಿನಿಂದಲೂ ಈ ಸಾಧನಗಳಲ್ಲಿದೆ. ಅದು ಅಯಸ್ಕಾಂತ. ಪೇಸ್‌ಮೇಕರಿನ ಮೇಲೆ ಬಲವಾದ ಅಯಸ್ಕಾಂತ ಇಟ್ಟರೆ ಅದು ಸಾಮಾನ್ಯವಾಗಿ ನಿಗದಿತ ದರದ ಬಡಿತಕ್ಕೆ ಬದಲಾಗುತ್ತದೆ. ಡಿಫಿಬ್ರಿಲೇಟರಿನ ಮೇಲೆ ಇಟ್ಟರೆ ಹೆಚ್ಚಿನ ಮಾದರಿಗಳಲ್ಲಿ ಆಘಾತ ನೀಡುವುದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಇದು ನಿತ್ಯದ ಬಳಕೆ. ಇದನ್ನು ಯಾರೂ ದೊಡ್ಡ ಲೋಪವೆಂದು ಕರೆಯದಿರಲು ಕಾರಣ, ಅಯಸ್ಕಾಂತ ಇಡುವವನು ರೋಗಿಯ ಎದೆಯನ್ನು ಮುಟ್ಟುವಷ್ಟು ಹತ್ತಿರ ಬರಬೇಕು. ಮುಂದಿನ ಹಲವು ಸಂಶೋಧನೆಗಳು ಇದೇ ತತ್ತ್ವವನ್ನು ರೇಡಿಯೋ ಸಂಪರ್ಕಕ್ಕೂ ತರಲು ಯತ್ನಿಸಿದವು.

ಜ್ಯೂರಿಕ್‌ನ ಸಂಶೋಧಕರನ್ನು ಒಳಗೊಂಡ ತಂಡವೊಂದು 2009ರಲ್ಲಿ ಶ್ರವಣಾತೀತ ಧ್ವನಿಯನ್ನು ಬಳಸಿ ದೂರ ಅಳೆಯುವ ವಿಧಾನವನ್ನು ಸೂಚಿಸಿತು. ರೇಡಿಯೋ ತರಂಗದಲ್ಲಿ ದೂರದವನು ಹತ್ತಿರದವನಂತೆ ನಟಿಸಬಹುದು, ಆದರೆ ಧ್ವನಿಯನ್ನು ಅದರ ವೇಗಕ್ಕಿಂತ ಬೇಗ ತಲುಪಿಸಲಾಗದು. 2013ರಲ್ಲಿ ಫರಿನಾಜ್ ಕೌಶಾನ್ಫರ್ ಮತ್ತು ಸಂಗಡಿಗರು ಹೃದಯ ಬಡಿತವನ್ನೇ ಕೀಲಿಯಾಗಿ ಬಳಸುವ ಕ್ರಮವನ್ನು ವಿವರಿಸಿದರು. ವೈದ್ಯರ ಯಂತ್ರ ರೋಗಿಯ ಚರ್ಮವನ್ನು ಮುಟ್ಟಿ ಬಡಿತಗಳ ನಡುವಿನ ಅಂತರವನ್ನು ಅಳೆಯುತ್ತದೆ. ಒಳಗಿನ ಸಾಧನವೂ ಅದೇ ಕ್ಷಣದಲ್ಲಿ ಅಳೆಯುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಪ್ರತಿ ಬಡಿತದ ಅಂತರದಲ್ಲಿ ಊಹಿಸಲಾಗದ ಸೂಕ್ಷ್ಮ ವ್ಯತ್ಯಾಸ ಇರುವುದೇ ಇದಕ್ಕೆ ಆಧಾರ. ಮುಖದ ವಿಡಿಯೋ ಚಿತ್ರದಿಂದಲೇ ನಾಡಿಬಡಿತವನ್ನು ಅಂದಾಜಿಸಬಹುದೆಂದು ಬೇರೆ ಸಂಶೋಧನೆಗಳು ತೋರಿಸಿದ್ದರಿಂದ, ಮುಟ್ಟದೆ ಅಳೆಯಲು ಸಾಧ್ಯವೇ ಇಲ್ಲವೆಂಬ ನಂಬಿಕೆಯನ್ನು ಎಚ್ಚರದಿಂದ ನೋಡಬೇಕಾಗಿದೆ.

ಇವೆಲ್ಲ ಹೊಸ ಸಾಧನಗಳಿಗೆ ಸರಿ. ಈಗಾಗಲೇ ದೇಹದೊಳಗಿರುವ ಸಾಧನಗಳ ಗತಿ ಏನು ಎಂಬ ಪ್ರಶ್ನೆಗೆ 2011ರಲ್ಲಿ ಎಂಐಟಿ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡವು ಜಾಣ ಉತ್ತರವೊಂದನ್ನು ನೀಡಿತು. ಐಐಟಿ ಮದ್ರಾಸಿನಲ್ಲಿ ಓದಿದ್ದ ಶ್ಯಾಮನಾಥ್ ಗೊಲ್ಲಕೋಟ ಇದರ ಮೊದಲ ಲೇಖಕರು. ರೋಗಿ ಮೈಮೇಲೆ ಧರಿಸುವ ‘ಗುರಾಣಿ’ಯೊಂದು ಒಳಗಿನ ಸಾಧನದ ಸಂಕೇತಗಳ ಮೇಲೆ ಗದ್ದಲದ ತರಂಗವನ್ನು ಹರಡಿ ಕದ್ದು ಕೇಳುವವರಿಗೆ ಏನೂ ತಿಳಿಯದಂತೆ ಮಾಡುತ್ತದೆ. ಆ ಗದ್ದಲವನ್ನು ಹುಟ್ಟಿಸಿದ್ದು ತಾನೇ ಆದ್ದರಿಂದ ಅದನ್ನು ಕಳೆದು ಮೂಲ ಸಂಕೇತವನ್ನು ಗುರಾಣಿ ಮಾತ್ರ ಕೇಳಬಲ್ಲದು. ಹೊರಗಿನಿಂದ ಬರುವ ಅನಧಿಕೃತ ಆದೇಶಗಳನ್ನೂ ಅದು ಹೀಗೆಯೇ ಕೆಡಿಸುತ್ತದೆ. ಶಸ್ತ್ರಚಿಕಿತ್ಸೆ ಬೇಕಿಲ್ಲ. ತುರ್ತು ಸಮಯದಲ್ಲಿ ಗುರಾಣಿಯನ್ನು ತೆಗೆದು ಪಕ್ಕಕ್ಕಿಟ್ಟರೆ ಸಾಧನ ಎಂದಿನಂತೆ ವೈದ್ಯರಿಗೆ ತೆರೆದುಕೊಳ್ಳುತ್ತದೆ.

ಸಾರ್ವಜನಿಕ ಗಮನ

ಸಂಶೋಧನಾ ಪತ್ರಿಕೆಗಳ ಆಚೆಗೆ ವಿಷಯ ಹಬ್ಬಿದ್ದು ಕೆಲವು ನಾಟಕೀಯ ಪ್ರದರ್ಶನಗಳಿಂದ. ಸ್ವತಃ ಮಧುಮೇಹಿಯಾದ ಜೇ ರಾಡ್‌ಕ್ಲಿಫ್ 2011ರಲ್ಲಿ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತಮ್ಮದೇ ಇನ್ಸುಲಿನ್ ಪಂಪಿನ ಲೋಪಗಳನ್ನು ತೋರಿಸಿದರು. ನ್ಯೂಜಿಲೆಂಡಿನ ಬಾರ್ನಬಿ ಜ್ಯಾಕ್ 2012ರಲ್ಲಿ ಮೆಲ್ಬೋರ್ನ್‌ನಲ್ಲಿ ಲ್ಯಾಪ್‌ಟಾಪ್ ಒಂದರಿಂದ ಸಾಧನಕ್ಕೆ ಆದೇಶ ನೀಡಿ 830 ವೋಲ್ಟ್ ಆಘಾತ ಹೊಮ್ಮಿಸಬಹುದೆಂದು ಪ್ರದರ್ಶಿಸಿದರು. 2013ರ ಜುಲೈನಲ್ಲಿ, ಇದೇ ವಿಷಯದ ಮೇಲಿನ ಮತ್ತೊಂದು ಉಪನ್ಯಾಸಕ್ಕೆ ಕೆಲವೇ ದಿನಗಳಿರುವಾಗ ಅವರು ತೀರಿಕೊಂಡರು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ, 2007ರಲ್ಲಿ ತಮ್ಮ ಸಾಧನದ ನಿಸ್ತಂತು ಸಂಪರ್ಕವನ್ನು ಹತ್ಯೆಯ ಭಯದಿಂದ ವೈದ್ಯರು ನಿಷ್ಕ್ರಿಯಗೊಳಿಸಿದ್ದರೆಂದು 2013ರ ದೂರದರ್ಶನ ಸಂದರ್ಶನದಲ್ಲಿ ತಿಳಿಸಿದರು.

ನಾರ್ವೆಯ ಭದ್ರತಾ ಸಂಶೋಧಕಿ ಮೇರಿ ಮೋ ಅವರ ಅನುಭವ ಇಷ್ಟು ಸುದ್ದಿಯಾಗದಿದ್ದರೂ ಹೆಚ್ಚು ಬೋಧಪ್ರದವಾದುದು. 2011ರಲ್ಲಿ ಪೇಸ್‌ಮೇಕರ್ ಪಡೆದ ಅವರು ಲಂಡನ್ನಿನ ಸುರಂಗ ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ ಇದ್ದಕ್ಕಿದ್ದಂತೆ ನಿತ್ರಾಣಗೊಂಡರು. ಬಡಿತ ಗರಿಷ್ಠ ಮಿತಿಯನ್ನು ಮುಟ್ಟಿದೊಡನೆ ಸಾಧನವು ಅದನ್ನು ಒಮ್ಮೆಗೇ ಅರ್ಧಕ್ಕಿಳಿಸಿತ್ತು. ಸಾಧನದಲ್ಲಿದ್ದ ನಿಜವಾದ ಮಿತಿಯೇ ಬೇರೆ, ಪ್ರೋಗ್ರಾಮರಿನ ಪರದೆ ತೋರಿಸುತ್ತಿದ್ದುದೇ ಬೇರೆಯಾಗಿದ್ದುದರಿಂದ ವೈದ್ಯರಿಗೆ ಕಾರಣ ಹಿಡಿಯಲು ಸಮಯ ಬೇಕಾಯಿತು. ಇಲ್ಲಿ ಯಾವ ದಾಳಿಕಾರನೂ ಇರಲಿಲ್ಲ. ಇದ್ದದ್ದು ತಂತ್ರಾಂಶದ ದೋಷ ಮಾತ್ರ.

ಸೇಂಟ್ ಜೂಡ್ ಪ್ರಕರಣ

2016ರ ಆಗಸ್ಟ್‌ನಲ್ಲಿ ಮೆಡ್‌ಸೆಕ್ ಎಂಬ ಭದ್ರತಾ ಸಂಸ್ಥೆಯು ಸೇಂಟ್ ಜೂಡ್ ಮೆಡಿಕಲ್ ಕಂಪನಿಯ ಸಾಧನಗಳಲ್ಲಿ ತಾನು ಕಂಡ ಲೋಪಗಳನ್ನು ಕಂಪನಿಗೆ ಮೊದಲು ತಿಳಿಸುವ ವಾಡಿಕೆಯನ್ನು ಬಿಟ್ಟು, ಮಡ್ಡಿ ವಾಟರ್ಸ್ ಎಂಬ ಹೂಡಿಕೆ ಸಂಸ್ಥೆಗೆ ನೀಡಿತು. ಆ ಸಂಸ್ಥೆ ಸೇಂಟ್ ಜೂಡ್ ಷೇರುಗಳ ಬೆಲೆ ಇಳಿದರೆ ಲಾಭ ಬರುವಂತೆ ವ್ಯವಹಾರ ಮಾಡಿಕೊಂಡು ವರದಿಯನ್ನು ಪ್ರಕಟಿಸಿತು. ಷೇರು ಬೆಲೆ ಅಂದೇ ಕುಸಿಯಿತು. ಕಂಪನಿ ಆರೋಪಗಳನ್ನು ಅಲ್ಲಗಳೆದು ಮೊಕದ್ದಮೆ ಹೂಡಿತು. ವರದಿಯ ಒಂದು ಹೇಳಿಕೆಗೆ ಸಾಕಷ್ಟು ಪುರಾವೆ ಇಲ್ಲವೆಂದು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರೂ ಹೇಳಿದರು. ರೋಗಿಯ ಹೃದಯದ ಲೋಪವನ್ನು ಷೇರುಪೇಟೆಯ ಸರಕಾಗಿಸಿದ್ದು ಸರಿಯೇ ಎಂಬ ಚರ್ಚೆ ಬಹುಕಾಲ ನಡೆಯಿತು. ಹಾಗಿದ್ದರೂ 2017ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಕಂಪನಿಯ ಮನೆ ನಿಗಾ ಪೆಟ್ಟಿಗೆಯಲ್ಲಿ ಲೋಪಗಳಿರುವುದನ್ನು ದೃಢಪಡಿಸಿತು. ಅಷ್ಟರಲ್ಲಿ ಕಂಪನಿಯನ್ನು ಅಬಾಟ್ ಕೊಂಡಿತ್ತು.

2017ರ ಆಗಸ್ಟ್‌ನಲ್ಲಿ ಪೇಸ್‌ಮೇಕರ್‌ಗಳ ಫರ್ಮ್‌ವೇರನ್ನೇ ನವೀಕರಿಸುವ ಕ್ರಮಕ್ಕೆ ಅನುಮೋದನೆ ದೊರೆಯಿತು. ಅಮೆರಿಕದಲ್ಲಿ ಸುಮಾರು 4,65,000 ಸಾಧನಗಳಿಗೆ ಇದು ಅನ್ವಯವಾಗುತ್ತಿತ್ತು. ನವೀಕರಣ ಮನೆಯಲ್ಲಿ ಸಾಧ್ಯವಿರಲಿಲ್ಲ, ರೋಗಿ ಆಸ್ಪತ್ರೆಗೆ ಬರಬೇಕಿತ್ತು. ಅದಕ್ಕೆ ತಗಲುತ್ತಿದ್ದುದು ಸುಮಾರು ಮೂರು ನಿಮಿಷ. ಫೋನಿನಲ್ಲಾದರೆ ಯಾರೂ ಲೆಕ್ಕಿಸದ ಅವಧಿ ಅದು. ಇಲ್ಲಿ ಆ ಮೂರು ನಿಮಿಷ ಸಾಧನವು ಬದಲಿ ವ್ಯವಸ್ಥೆಯಲ್ಲಿ ನಿಮಿಷಕ್ಕೆ 67ರಂತೆ ಹೃದಯವನ್ನು ಬಡಿಸುತ್ತಿತ್ತು. ಹಿಂದಿನ ನವೀಕರಣಗಳ ಅನುಭವದ ಮೇಲೆ ಸಾಧನ ಪೂರ್ತಿ ಕೆಡುವ ಸಂಭವವನ್ನು ಶೇ 0.003 ಎಂದು ಅಂದಾಜಿಸಲಾಗಿತ್ತು. ಎಲ್ಲರೂ ನವೀಕರಣ ಮಾಡಿಸಿಕೊಂಡರೆ ಇದು ಸುಮಾರು 14 ಸಾಧನಗಳಾಗುತ್ತದೆ. ಇನ್ನೊಂದು ತಟ್ಟೆಯಲ್ಲಿದ್ದುದು ಅದುವರೆಗೆ ಒಬ್ಬ ರೋಗಿಗೂ ಹಾನಿ ಮಾಡಿದ ವರದಿಯಿಲ್ಲದ ದಾಳಿಯ ಸಾಧ್ಯತೆ. ಹೀಗಾಗಿ ಎಫ್‌ಡಿಎ ನವೀಕರಣವನ್ನು ಎಲ್ಲರಿಗೂ ಕಡ್ಡಾಯವೆನ್ನದೆ ರೋಗಿ ಮತ್ತು ವೈದ್ಯರು ಚರ್ಚಿಸಿ ನಿರ್ಧರಿಸುವಂತೆ ಸೂಚಿಸಿತು; ಸಾಧನವನ್ನು ತೆಗೆದು ಬದಲಿಸುವುದು ಬೇಡವೆಂದು ಸ್ಪಷ್ಟಪಡಿಸಿತು.

ನಂತರದ ಎಚ್ಚರಿಕೆಗಳು

2018ರ ಅಕ್ಟೋಬರ್‌ನಲ್ಲಿ ಮೆಡ್‌ಟ್ರಾನಿಕ್ ತನ್ನ ಪ್ರೋಗ್ರಾಮರ್‌ಗಳ ಅಂತರಜಾಲ ನವೀಕರಣವನ್ನು ನಿಲ್ಲಿಸಿತು. ಬಿಲ್ಲಿ ರಿಯೋಸ್ ಮತ್ತು ಜೊನಾಥನ್ ಬಟ್ಸ್ ಎಂಬ ಸಂಶೋಧಕರು ಆ ಮಾರ್ಗದ ಲೋಪಗಳನ್ನು ಬಹಿರಂಗಪಡಿಸಿದ್ದರು. 2019ರ ಮಾರ್ಚ್‌ನಲ್ಲಿ ಅದೇ ಕಂಪನಿಯ ಕಾನೆಕ್ಸಸ್ ಎಂಬ ನಿಸ್ತಂತು ಸಂವಹನ ಕ್ರಮದಲ್ಲಿ ಗೂಢಲಿಪೀಕರಣವಾಗಲಿ ದೃಢೀಕರಣವಾಗಲಿ ಇಲ್ಲವೆಂದು ಅಮೆರಿಕ ಸರ್ಕಾರ ಎಚ್ಚರಿಸಿತು. 2008ರ ಪ್ರಬಂಧ ಇದೇ ಎರಡು ಕೊರತೆಗಳನ್ನು ಹನ್ನೊಂದು ವರ್ಷ ಮೊದಲೇ ಎತ್ತಿ ತೋರಿಸಿತ್ತು. ಈ ಬಾರಿಯೂ ರೋಗಿಗಳು ಸಾಧನಗಳನ್ನೂ ಮನೆ ಪೆಟ್ಟಿಗೆಗಳನ್ನೂ ಬಳಸುವುದನ್ನು ಮುಂದುವರಿಸಬೇಕೆಂದೇ ಸಲಹೆ ನೀಡಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಕಂಪನಿಯ ಕೆಲವು ಹಳೆಯ ಇನ್ಸುಲಿನ್ ಪಂಪ್‌ಗಳನ್ನು ಹಿಂಪಡೆಯಲಾಯಿತು. ಪಂಪನ್ನು ಬದಲಿಸಲು ಶಸ್ತ್ರಚಿಕಿತ್ಸೆ ಬೇಕಿಲ್ಲವಾದ್ದರಿಂದ ಅಲ್ಲಿ ನಿರ್ಧಾರ ಸುಲಭವಾಗಿತ್ತು.

ಖಾಸಗಿತನ

ಸಾಧನ ಹೊರಸೂಸುವ ಸಂಕೇತದಲ್ಲಿ ರೋಗಿಯ ಹೆಸರು ಇಲ್ಲದಿದ್ದರೂ ಅದರ ಅಸ್ತಿತ್ವವೇ ಒಂದು ಮಾಹಿತಿ. ಉದ್ಯೋಗದಾತನಿಗೋ ವಿಮಾ ಕಂಪನಿಗೋ ಒಬ್ಬರ ಎದೆಯಲ್ಲಿ ಡಿಫಿಬ್ರಿಲೇಟರ್ ಇದೆಯೆಂದು ತಿಳಿಯುವುದೇ ಸಾಕಷ್ಟು ಪರಿಣಾಮ ಬೀರಬಹುದು. ಬದಲಾಗದ ಕ್ರಮಸಂಖ್ಯೆಯನ್ನು ಪ್ರಸಾರ ಮಾಡುವ ಸಾಧನವು ರೋಗಿಯ ಓಡಾಟವನ್ನು ಗುರುತಿಸಲೂ ನೆರವಾಗಬಲ್ಲದು.

ಕಳ್ಳತನಕ್ಕಿಂತ ಕಾನೂನುಬದ್ಧ ಬಳಕೆಯಲ್ಲಿಯೇ ಖಾಸಗಿತನದ ಪ್ರಶ್ನೆ ಹೆಚ್ಚು ತೊಡಕಿನದಾಗಿದೆ. 2016ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲಿ ಮನೆಯೊಂದು ಸುಟ್ಟಾಗ, ಬೆಂಕಿ ಹತ್ತಿದೊಡನೆ ಸಾಮಾನು ಕಟ್ಟಿಕೊಂಡು ಹೊರಬಂದೆನೆಂದ ಮಾಲೀಕನ ಮಾತನ್ನು ಸಂಶಯಿಸಿದ ಪೊಲೀಸರು ನ್ಯಾಯಾಲಯದ ಅನುಮತಿಯೊಡನೆ ಅವನ ಪೇಸ್‌ಮೇಕರಿನ ದಾಖಲೆಯನ್ನು ಪಡೆದರು. ಆ ಮಾಹಿತಿಯನ್ನು ಸಾಕ್ಷ್ಯವಾಗಿ ಬಳಸಬಹುದೆಂದು 2017ರಲ್ಲಿ ನ್ಯಾಯಾಧೀಶರು ತೀರ್ಮಾನಿಸಿದರು.

ಪೊಲೀಸರಿಗೆ ದೊರೆತ ಇಂಥ ಮಾಹಿತಿ ರೋಗಿಗೆ ನೇರವಾಗಿ ದೊರೆಯುವುದು ಅಪರೂಪ. ಅದು ಸಾಧನದಿಂದ ತಯಾರಕರ ಗಣಕಕ್ಕೆ, ಅಲ್ಲಿಂದ ವೈದ್ಯರಿಗೆ ಹೋಗುತ್ತದೆ. ಡಿಫಿಬ್ರಿಲೇಟರ್ ಹೊಂದಿದ್ದ ಹ್ಯೂಗೊ ಕಾಂಪೋಸ್ ತಮ್ಮ ಹೃದಯದ ಮಾಹಿತಿ ತಮಗೂ ಸಿಗಬೇಕೆಂದು ವರ್ಷಗಳ ಕಾಲ ಹೋರಾಡಿದರು. ವಕೀಲೆ ಕರೆನ್ ಸ್ಯಾಂಡ್ಲರ್ ತಮ್ಮ ಎದೆಯೊಳಗಿನ ಸಾಧನದ ತಂತ್ರಾಂಶವನ್ನು ನೋಡಲು ಕೇಳಿದರೂ ತಯಾರಕರಿಂದ ಪಡೆಯಲಾಗಲಿಲ್ಲ. ಇವರೂ ಭಾಗಿಯಾಗಿದ್ದ ಮನವಿಯ ಫಲವಾಗಿ 2015ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯಡಿ ವಿನಾಯಿತಿ ದೊರೆತು, ರೋಗಿಗಳು ತಮ್ಮ ಸಾಧನ ಹೊರಸೂಸುವ ಮಾಹಿತಿಯನ್ನು ಓದಿಕೊಳ್ಳುವುದು ಕಾನೂನುಬಾಹಿರವಲ್ಲ ಎಂದಾಯಿತು. ಗೂಢಲಿಪೀಕರಣ ಬಲವಾದಷ್ಟೂ ದಾಳಿಕಾರನ ಜೊತೆಗೆ ರೋಗಿಯೂ ಹೊರಗುಳಿಯುತ್ತಾನೆ ಎಂಬುದು ಇಲ್ಲಿನ ವಿರೋಧಾಭಾಸ.

ರೋಗಿಗಳ ಅಭಿಪ್ರಾಯ

ರಕ್ಷಣಾ ಕ್ರಮಗಳ ಬಗ್ಗೆ ರೋಗಿಗಳನ್ನೇ ಕೇಳಿದ ಅಧ್ಯಯನಗಳು ಕಡಿಮೆ. ತಮಾರಾ ಡೆನ್ನಿಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯ ಸಾಧನ ಹೊಂದಿದ್ದ 13 ಜನರ ಮುಂದೆ ಕೈಪಟ್ಟಿ, ಪಾಸ್‌ವರ್ಡ್ ಬರೆದ ಹಚ್ಚೆ, ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಹಚ್ಚೆ ಮುಂತಾದ ಮಾದರಿಗಳನ್ನು ಇಡಲಾಯಿತು. ಎಲ್ಲರಿಗೂ ಒಪ್ಪಿಗೆಯಾದ ಮಾದರಿ ಯಾವುದೂ ಇರಲಿಲ್ಲ. ತಾಂತ್ರಿಕ ಬಲಕ್ಕಿಂತ, ಕಾಯಿಲೆಯನ್ನು ಸದಾ ನೆನಪಿಸುವ ಅಥವಾ ಇತರರ ಕಣ್ಣಿಗೆ ಬೀಳುವ ವಸ್ತುವನ್ನು ಧರಿಸಬೇಕೇ ಎಂಬ ಪ್ರಶ್ನೆ ಹಲವರಿಗೆ ಮುಖ್ಯವಾಗಿತ್ತು.

ನಿಯಂತ್ರಣ

ಅಮೆರಿಕದಲ್ಲಿ ಉದ್ದೇಶಪೂರ್ವಕ ದಾಳಿಯ ಅಪಾಯವನ್ನು ಹೆಚ್ಚು ಗಂಭೀರವಾಗಿ ಪರಿಗಣಿಸಬೇಕೆಂದು ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2012ರಲ್ಲಿ ಎಫ್‌ಡಿಎಗೆ ಶಿಫಾರಸು ಮಾಡಿತು. ಎಫ್‌ಡಿಎ 2014ರಲ್ಲಿ ಮಾರುಕಟ್ಟೆಗೆ ಬರುವ ಮುನ್ನಿನ ಭದ್ರತೆಗೆ, 2016ರಲ್ಲಿ ಮಾರಾಟದ ನಂತರದ ಭದ್ರತೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಇವು ಸಲಹೆಗಳಷ್ಟೇ ಆಗಿದ್ದವು. 2022ರ ಡಿಸೆಂಬರ್‌ನ ಕಾನೂನು ತಿದ್ದುಪಡಿಯ ನಂತರ, ಹೊಸ ಸಾಧನಕ್ಕೆ ಅನುಮೋದನೆ ಕೋರುವ ತಯಾರಕರು ಲೋಪಗಳನ್ನು ಸರಿಪಡಿಸುವ ಯೋಜನೆಯನ್ನೂ ಸಾಧನದಲ್ಲಿರುವ ತಂತ್ರಾಂಶ ಘಟಕಗಳ ಪಟ್ಟಿಯನ್ನೂ ಸಲ್ಲಿಸುವುದು ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟದ ವೈದ್ಯಕೀಯ ಸಾಧನ ನಿಯಮಾವಳಿ 2021ರ ಮೇ ತಿಂಗಳಿನಿಂದ ಅನ್ವಯವಾಗಿದ್ದು, ಅನಧಿಕೃತ ಪ್ರವೇಶದಿಂದ ರಕ್ಷಣೆಯನ್ನು ಅದೂ ಬಯಸುತ್ತದೆ.

ಭಾರತದಲ್ಲಿ

ಭಾರತದಲ್ಲಿಯೂ 402–405 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಸಾಮರ್ಥ್ಯದ ವೈದ್ಯಕೀಯ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಸಾಧನಗಳ ಗುಣಮಟ್ಟ ಮತ್ತು ಸುರಕ್ಷತೆಯು 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ. ರೋಗಿಯ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸಂಬಂಧಿಸುತ್ತದೆ. ಆ ಕಾಯಿದೆಯು ಆರೋಗ್ಯ ಮಾಹಿತಿಯನ್ನು ‘ಸೂಕ್ಷ್ಮ’ ಎಂಬ ಪ್ರತ್ಯೇಕ ವರ್ಗವಾಗಿ ವಿಂಗಡಿಸಿಲ್ಲ.

ಲೋಪಗಳ ಕುರಿತ ಪ್ರಕಟಣೆಗಳು ರೋಗಿಯ ಹೆಸರಿನಿಂದಲ್ಲ, ಸಾಧನದ ಮಾದರಿ ಸಂಖ್ಯೆಯಿಂದ ಹೊರಡುತ್ತವೆ. ಮಾದರಿ ಮತ್ತು ಕ್ರಮಸಂಖ್ಯೆಗಳು ಅಳವಡಿಕೆಯ ನಂತರ ರೋಗಿಗೆ ಕೊಡುವ ಗುರುತಿನ ಚೀಟಿಯಲ್ಲಿ ಮುದ್ರಿತವಾಗಿರುತ್ತವೆ. ಪ್ರಕಟಣೆ ತಮ್ಮ ಸಾಧನಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಆ ಚೀಟಿಯ ನೆರವಿನಿಂದ ಚಿಕಿತ್ಸೆ ನೀಡಿದ ಆಸ್ಪತ್ರೆಯಲ್ಲಿ ತಿಳಿದುಕೊಳ್ಳಬಹುದು.